ಖಾತೆ ಇದೆಯಲ್ಲ, ಇನ್ನೇನು ಬೇಕು?

ಬೆಂಗಳೂರಲ್ಲಿ ಸೈಟು ನೋಡೋಕೆ ಹೋದವರೆಲ್ಲ ಈ ಮಾತು ಕೇಳಿಯೇ ಇರ್ತೀರಿ. ಕ್ರಯಪತ್ರದ ಜೆರಾಕ್ಸು, ಇಸಿ, ಹತ್ತು ವರ್ಷದ ಕಂದಾಯ ರಸೀದಿ ಎಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಕೈಗೆ ಕೊಟ್ಟು ಬ್ರೋಕರು ಹೇಳೋದು ಇದನ್ನೇ. "ಖಾತೆ ಇದೆ ಸಾರ್, ಕಂದಾಯ ಕಟ್ಟಿದೆ, ಕರೆಂಟಿದೆ, ಮುಂದಿನ ರಸ್ತೆವರೆಗೂ ಕಾವೇರಿ ನೀರು ಬಂದಿದೆ. ಇನ್ನೇನು ಬೇಕು?" ಕೇಳಿದವರಿಗೂ ಹೌದಲ್ವಾ ಅನ್ನಿಸುತ್ತೆ. ಸರಕಾರವೇ ದುಡ್ಡು ತಗೊಂಡು ಸೀಲು ಹೊಡೆದು ರಸೀದಿ ಕೊಟ್ಟಿದೆ ಅಂದ ಮೇಲೆ, ಸರಕಾರ ಆ ಜಾಗವನ್ನ ಒಪ್ಪಿಕೊಂಡ ಹಾಗೇ ತಾನೇ?

ಅಲ್ಲ. ಈ ಒಂದು "ಅಲ್ಲ" ಗೊತ್ತಿಲ್ಲದೆ ಈ ಊರಲ್ಲಿ ಎಷ್ಟು ಜನ ಜೀವಮಾನದ ಉಳಿತಾಯವನ್ನ ಮಣ್ಣಿಗೆ ಹಾಕಿದ್ದಾರೋ. ಹಾಗಂತ ಜನ ದಡ್ಡರು ಅಂತ ಹೇಳೋಕೆ ನಾನು ಹೊರಟಿಲ್ಲ. ನನ್ನ ತಕರಾರು ಬೇರೆ. ನಮ್ಮ ಆಸ್ತಿ ಕಾಗದಗಳು ಏನು ಹೇಳುತ್ತವೆ ಅನ್ನೋದಕ್ಕಿಂತ ಏನು ಹೇಳೋದಿಲ್ಲ ಅನ್ನೋದು ಮುಖ್ಯ, ಮತ್ತು ಅದನ್ನ ಯಾವ ಇಲಾಖೆಯೂ ಕಾಗದದ ಮೇಲೆ ಬರೆಯೋದಿಲ್ಲ. ಬರೆಯದೇ ಇರೋದರಿಂದ ಎಲ್ಲರಿಗೂ ಲಾಭ ಇದೆ, ಕೊಳ್ಳೋನೊಬ್ಬನನ್ನ ಬಿಟ್ಟು.

ಮೊದಲು ಖಾತೆ. ಖಾತೆ ಅಂದ್ರೆ ಲೆಕ್ಕ, ಅಷ್ಟೇ. ಕಿರಾಣಿ ಅಂಗಡಿಯವನು ನಿಮ್ಮ ಹೆಸರಲ್ಲಿ ಒಂದು ಪುಟ ಇಟ್ಟಿರ್ತಾನಲ್ಲ, ತಿಂಗಳ ಕೊನೆಗೆ ಎಷ್ಟು ಕೊಡಬೇಕು ಅಂತ ನೋಡೋಕೆ, ಹಾಗೆ ನಗರ ಪಾಲಿಕೆ ಒಂದು ಪುಟ ಇಟ್ಟಿದೆ. ಈ ಆಸ್ತಿಯ ಕಂದಾಯ ಯಾರಿಂದ ವಸೂಲಿ ಮಾಡಬೇಕು ಅನ್ನೋದು ಅದರಲ್ಲಿರುತ್ತೆ. ಕಿರಾಣಿ ಅಂಗಡಿ ಪುಟದಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ಅಂಗಡಿ ನಿಮ್ಮದಾಗಲ್ಲ. ಖಾತೆ, ಮ್ಯುಟೇಷನ್ ಇವು ಮಾಲಿಕತ್ವದ ಪುರಾವೆ ಅಲ್ಲ ಅಂತ ಕೋರ್ಟುಗಳು ಹೇಳಿ ಹೇಳಿ ಸುಸ್ತಾಗಿವೆ.

ಇನ್ನು ಬಿ ಖಾತೆ ಅಂತೂ ಬೆಂಗಳೂರಿನದೇ ಒಂದು ವಿಶೇಷ. 2007ರಲ್ಲಿ ಹಳೇ ಮಹಾನಗರ ಪಾಲಿಕೆಗೆ ಸುತ್ತಲಿನ ಏಳು ನಗರಸಭೆ, ಕೆಂಗೇರಿ ಪುರಸಭೆ, ಜೊತೆಗೆ 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರಲ್ಲ, ಆಗ ರಾತ್ರೋರಾತ್ರಿ ಲಕ್ಷಾಂತರ ಮನೆ ಒಳಗೆ ಬಂದವು. ಅದರಲ್ಲಿ ಎಷ್ಟೋ ಮನೆಗಳ ನೆಲ ದಾಖಲೆಯಲ್ಲಿ ಇನ್ನೂ ರಾಗಿ ಹೊಲ. ಅವುಗಳಿಗೆ ರಸ್ತೆ, ಕಸ, ಬೀದಿದೀಪ ಕೊಡಬೇಕು, ಕಂದಾಯ ಬೇಡ ಅನ್ನೋಕೂ ಆಗಲ್ಲ. ಸರಿ, 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಲ್ಲಿ 108ಎ ಅಂತ ಒಂದು ಕಲಮು ಇತ್ತು. ನಿಯಮ ಮೀರಿದ ಆಸ್ತಿಯಿಂದಲೂ ತೆರಿಗೆ ವಸೂಲಿ ಮಾಡಬಹುದು, ಅದನ್ನ ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು, ತೆರಿಗೆ ಕಟ್ಟಿದ ಮಾತ್ರಕ್ಕೆ ಅಕ್ರಮ ಸಕ್ರಮ ಆಗೋದಿಲ್ಲ. ಇದು ಅದರ ಸಾರ. ಆ ಬೇರೆ ರಿಜಿಸ್ಟರೇ ಜನರ ಬಾಯಲ್ಲಿ "ಬಿ ಖಾತೆ" ಆಯ್ತು. ಎ ಇದ್ದ ಮೇಲೆ ಬಿ ಇರಬೇಕಲ್ಲ, ಫಸ್ಟ್ ಕ್ಲಾಸ್ ಸೆಕೆಂಡ್ ಕ್ಲಾಸ್ ಇದ್ದ ಹಾಗೆ! ಕಾನೂನು "ಇದು ಅಕ್ರಮಗಳ ಪಟ್ಟಿ" ಅಂತ ಹೇಳಿದ್ದನ್ನ ಮಾರುಕಟ್ಟೆ "ಇದು ಸ್ವಲ್ಪ ಕಮ್ಮಿ ರೇಟಿನ ಖಾತೆ" ಅಂತ ಓದಿತು. ಪಾಲಿಕೆಯೂ ಅದನ್ನ ತಿದ್ದೋಕೆ ಹೋಗಲಿಲ್ಲ, ಏಪ್ರಿಲ್ ಒಳಗೆ ಕಟ್ಟಿದರೆ ಶೇಕಡ 5 ರಿಯಾಯಿತಿ ಅಂತ ಜಾಹೀರಾತು ಕೊಡ್ತಾ ಇತ್ತು.

ಈಗ ಬಿಬಿಎಂಪಿಯೇ ಇಲ್ಲ. 2025ರ ಸೆಪ್ಟೆಂಬರಿನಿಂದ ಐದು ನಗರ ಪಾಲಿಕೆಗಳು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಬೋರ್ಡು ಬದಲಾಗಿದೆ. ಆ ರಿಜಿಸ್ಟರಿನಲ್ಲಿರೋ ಮನೆಗಳು ಅಲ್ಲೇ ಇವೆ.

ಎರಡನೇ ನಂಬಿಕೆ, "ರಿಜಿಸ್ಟ್ರೇಷನ್ ಆಗಿದೆಯಲ್ಲ" ಅನ್ನೋದು. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದವರಿಗೆ ಗೊತ್ತು, ಬೆಳಿಗ್ಗೆಯಿಂದ ಕಾದು, ಫೋಟೋ ಹೊಡೆಸಿಕೊಂಡು, ಹೆಬ್ಬೆಟ್ಟು ಒತ್ತಿ, ಸ್ವೀಟ್ ಬಾಕ್ಸ್ ಹಂಚಿ ಹೊರಗೆ ಬರೋಷ್ಟರಲ್ಲಿ ಏನೋ ದೊಡ್ಡ ಪರೀಕ್ಷೆ ಪಾಸಾದ ಹಾಗಿರುತ್ತೆ. ಆದ್ರೆ ಅಲ್ಲಿ ಪರೀಕ್ಷೆ ಮಾಡೋದು ಏನನ್ನ? ಬಂದವರು ಅವರೇನಾ, ಸ್ಟಾಂಪ್ ಡ್ಯೂಟಿ ಸರಿಯಾಗಿ ಕಟ್ಟಿದ್ದಾರಾ, ಕಾಗದ ಕ್ರಮವಾಗಿದೆಯಾ. ಮಾರೋನಿಗೆ ಆ ಜಾಗದ ಮೇಲೆ ನಿಜವಾಗಿ ಹಕ್ಕು ಇದೆಯಾ ಅನ್ನೋದು ನೋಂದಣಿ ಅಧಿಕಾರಿಯ ಕೆಲಸವೇ ಅಲ್ಲ. 2025ರ ಏಪ್ರಿಲಿನಲ್ಲಿ ತಮಿಳುನಾಡಿನ ಒಂದು ನೋಂದಣಿ ನಿಯಮವನ್ನ ರದ್ದು ಮಾಡುವಾಗ ಸುಪ್ರೀಂ ಕೋರ್ಟು ಇದನ್ನೇ ಸ್ಪಷ್ಟವಾಗಿ ಹೇಳಿತು. ಅಂದ್ರೆ ಸರಕಾರ ಲಕ್ಷಗಟ್ಟಲೆ ಶುಲ್ಕ ತಗೊಂಡು ಹೇಳೋದು ಇಷ್ಟು: "ನೀವಿಬ್ಬರೂ ಇವತ್ತು ಇಲ್ಲಿ ಬಂದು ಹೀಗೆ ಬರೆದುಕೊಂಡಿರಿ ಅನ್ನೋದಕ್ಕೆ ನಾನು ಸಾಕ್ಷಿ." 2025ರ ಆಗಸ್ಟ್ ಕೊನೆಯಲ್ಲಿ ಈ ಸಾಕ್ಷಿ ಹೇಳೋ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿತು. ಸಾಕ್ಷಿ ಮಾತ್ರ ಅಷ್ಟೇ.

ಇಸಿ ಕೂಡ ಇದರ ಮುಂದುವರಿಕೆ. ನೋಂದಣಿಯಾದ ವ್ಯವಹಾರ ಮಾತ್ರ ಅದರಲ್ಲಿ ಕಾಣುತ್ತೆ. ನೋಂದಣಿ ಆಗದ ಉಯಿಲು, ಕೋರ್ಟಿನಲ್ಲಿ ನಡೀತಿರೋ ಅಣ್ಣತಮ್ಮಂದಿರ ದಾವೆ, ಕೈಬರಹದ ಅಗ್ರಿಮೆಂಟು ಇವೆಲ್ಲ ಇಸಿಗೆ ಗೊತ್ತೇ ಇರಲ್ಲ. ಸರಕಾರ ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಮಾರಿದ್ದು ಊರ್ಜಿತವೇ ಅಲ್ಲ. ಮೂವತ್ತು ವರ್ಷ ಹಳೇ ಇಸಿ ತೆಗೆದರೂ ಅದು ಕಾಣದೇ ಇರಬಹುದು, ಯಾಕಂದ್ರೆ ಮಂಜೂರಾತಿ ಅದಕ್ಕೂ ಹಿಂದಿನದು, ಅದೂ ತಾಲ್ಲೂಕು ಆಫೀಸಿನ ಕಡತದಲ್ಲಿ.

ಬಡಾವಣೆಗೆ ಅಂತ ಭೂಸ್ವಾಧೀನದ ಅಧಿಸೂಚನೆ ಹೊರಡಿಸಿರುತ್ತಾರೆ, ಅದೂ ಸಾಮಾನ್ಯವಾಗಿ ಇಸಿಯಲ್ಲಿ ಸಿಗಲ್ಲ. ಡಾ. ಶಿವರಾಮ ಕಾರಂತ ಬಡಾವಣೆಯ ಕತೆ ಗೊತ್ತಲ್ಲ. 2008ರ ಕೊನೆಗೆ 17 ಹಳ್ಳಿಗಳಲ್ಲಿ ಪ್ರಾಥಮಿಕ ಅಧಿಸೂಚನೆ ಆಯ್ತು. ಮುಂದೆ ಬಿಡಿಎ ತಣ್ಣಗಾಯ್ತು, ಹೈಕೋರ್ಟಿನಲ್ಲಿ ಬಿದ್ದೂ ಹೋಯ್ತು, ಜನ ಅಲ್ಲಿ ಸೈಟು ತಗೊಂಡು ಮನೆ ಕಟ್ಟಿಕೊಂಡರು. 2018ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಬಡಾವಣೆ ಮಾಡಲೇಬೇಕು ಅಂತ ಆದೇಶ ಕೊಟ್ಟಿತು. ಹತ್ತು ವರ್ಷದ ನಂತರ! ಕಟ್ಟಿಕೊಂಡವರಲ್ಲಿ ಯಾರು ಉಳೀಬೇಕು ಅಂತ ನೋಡೋಕೆ ನಿವೃತ್ತ ನ್ಯಾಯಮೂರ್ತಿಗಳ ಸಮಿತಿಯೇ ಬೇಕಾಯ್ತು. ಆ ಊರುಗಳಲ್ಲಿ ಮನೆ ಕೊಂಡವರ ಫೈಲಿನಲ್ಲೂ ಕಂದಾಯ ರಸೀದಿ ಇತ್ತು.

ನಮ್ಮ ಸೋದರಮಾವ ರಿಟೈರ್ ಆದ ಮೇಲೆ ಪಿಎಫ್ ದುಡ್ಡಲ್ಲಿ ಮಾಗಡಿ ರಸ್ತೆ ಕಡೆ ಒಂದು 30-40 ಸೈಟು ನೋಡಿದ್ದರು. ಕಾಗದ ನೋಡು ಅಂತ ನನಗೆ ಕೊಟ್ಟರು. ಪಂಚಾಯ್ತಿ ಖಾತೆ, ಇ-ಸ್ವತ್ತಿನ ನಮೂನೆ 11ಬಿ. ಅವರು 11ಎ, 11ಬಿ ಅಂದ್ರೆ ಪುಟದ ನಂಬರು ಅಂದುಕೊಂಡಿದ್ದರು. ಬಸ್ ನಂಬರಿನ ಹಾಗೆ, ಎರಡೂ ಒಂದೇ ಕಡೆ ಹೋಗುತ್ತೆ ಅಂತ. ಅವರ ತಪ್ಪೇನಿಲ್ಲ, ಕಾಗದದಲ್ಲಿ ಎಲ್ಲೂ "ಬಿ ಅಂದರೆ ಅನುಮೋದನೆ ಇಲ್ಲದ ಬಡಾವಣೆಯ ಸ್ವತ್ತು" ಅಂತ ಒಬ್ಬ ಮನುಷ್ಯನಿಗೆ ಅರ್ಥವಾಗೋ ಭಾಷೆಯಲ್ಲಿ ಬರೆದಿಲ್ಲ. ನಾನು ಹೇಳಿದೆ: ಜಮೀನು ಅಲಿನೇಷನ್ ಆಗಿಲ್ಲ, ಲೇಔಟ್ ಅಪ್ರೂವಲ್ ಇಲ್ಲ, ಪಾರ್ಕು ಅಂತ ನಕ್ಷೆಯಲ್ಲಿ ತೋರಿಸಿರೋದಕ್ಕೆ ಯಾವ ಬೆಲೆಯೂ ಇಲ್ಲ. ಮಾವನಿಗೆ ಬೇಜಾರಾಯ್ತು. "ನೀನು ಓದಿ ಓದಿ ಹೆದರ್ತೀಯ ಕಣೋ. ಅಲ್ಲಿ ಆಗಲೇ ಇನ್ನೂರು ಮನೆ ಎದ್ದಿದೆ. ಇನ್ನೂರು ಮನೇನೂ ಒಡೀತಾರಾ?"

ಈ ಪ್ರಶ್ನೆಯನ್ನ ತಳ್ಳಿಹಾಕೋಕೆ ಆಗಲ್ಲ. ಬೆಂಗಳೂರಿನ ಅರ್ಧ ಊರು ನಿಂತಿರೋದೇ ಈ ಲೆಕ್ಕದ ಮೇಲೆ. ಮತ್ತೆ ಇದು ದುರಾಸೆಯ ಮಾತೂ ಅಲ್ಲ. ಮಧ್ಯಮ ವರ್ಗದವನು ಬಿಡಿಎ ಸೈಟಿಗೆ ಅರ್ಜಿ ಹಾಕಿ ಹಾಕಿ, ಠೇವಣಿ ಕಟ್ಟಿ, ಸೀನಿಯಾರಿಟಿ ಲೆಕ್ಕ ಹಾಕ್ತಾ ತಲೆ ಬೆಳ್ಳಗಾಗಿ ಕೊನೆಗೆ ರೆವಿನ್ಯೂ ಸೈಟಿಗೆ ಬಂದಿರ್ತಾನೆ. ಅರ್ಕಾವತಿ ಬಡಾವಣೆಗೆ 2004ರಲ್ಲಿ ಅಂತಿಮ ಅಧಿಸೂಚನೆ ಆದದ್ದು, ಸೈಟು ಸಿಕ್ಕಿದವರೂ ಎಷ್ಟು ವರ್ಷ ಅಲೆದರು ನೋಡಿ. ಊರು ಬೆಳೆಯೋ ವೇಗಕ್ಕೆ ಸರಕಾರ ಸೈಟು ಮಾಡಲಿಲ್ಲ, ಹೊಲದ ಒಡೆಯ ಮಾಡಿದ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಜಿಲ್ಲಾಧಿಕಾರಿಯಿಂದ ಭೂ ಪರಿವರ್ತನೆ ಮಾಡಿಸಬೇಕು, ಯೋಜನಾ ಪ್ರಾಧಿಕಾರದಿಂದ ಬಡಾವಣೆ ನಕ್ಷೆಗೆ ಮಂಜೂರಾತಿ ತಗೋಬೇಕು, ರಸ್ತೆಗೆ ಪಾರ್ಕಿಗೆ ಜಾಗ ಬಿಡಬೇಕು. ಅದೆಲ್ಲ ಬಿಟ್ಟು ಸುಣ್ಣದ ಪುಡಿಯಲ್ಲಿ ಗೆರೆ ಎಳೆದರೆ ಸಂಜೆ ಹೊತ್ತಿಗೆ ಲೇಔಟು ರೆಡಿ. ಸೈಟಿನ ಬೆಲೆ ಅರ್ಧಕ್ಕರ್ಧ ಕಮ್ಮಿ ಇರೋದು ಇದಕ್ಕೇ. ಆ ಕಮ್ಮಿ ಬೆಲೆಯಲ್ಲಿ ಪಾರ್ಕು, ಅಗಲ ರಸ್ತೆ, ಚರಂಡಿ ಎಲ್ಲ ಕಳೆದಿರುತ್ತೆ.

ಆದ್ರೆ ಮಾವನ ಪ್ರಶ್ನೆಗೆ 2016ರ ಆಗಸ್ಟ್ ಒಂದು ಉತ್ತರ ಕೊಟ್ಟಿತ್ತು. ಜುಲೈ ಕೊನೆಯ ಮಳೆಗೆ ಕೋಡಿಚಿಕ್ಕನಹಳ್ಳಿ ಕಡೆ ರಸ್ತೆಯಲ್ಲಿ ದೋಣಿ ಓಡಿಸೋ ಹಾಗಾಯ್ತು. ಅದರ ಬೆನ್ನಿಗೇ ರಾಜಕಾಲುವೆ ಒತ್ತುವರಿ ತೆರವು ಅಂತ ಜೆಸಿಬಿಗಳು ಹೊರಟವು. ಅವನಿ ಶೃಂಗೇರಿ ನಗರದಲ್ಲಿ ಮನೆ ಉರುಳಿದ್ದನ್ನ ಟಿವಿಯಲ್ಲಿ ಎಲ್ಲರೂ ನೋಡಿದೆವು. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿರೋದು ಮನೆ ಬಿದ್ದದ್ದಲ್ಲ, ಜನ ಕೈಯಲ್ಲಿ ಫೈಲು ಹಿಡಕೊಂಡು ನಿಂತಿದ್ದು. ಕ್ಯಾಮರಾ ಮುಂದೆ ಒಂದೊಂದೇ ಕಾಗದ ತೆಗೆದು ತೋರಿಸ್ತಿದ್ದರು. ಖಾತೆ ನೋಡಿ, ಕಂದಾಯ ನೋಡಿ, ಪ್ಲ್ಯಾನ್ ಸ್ಯಾಂಕ್ಷನ್ ನೋಡಿ, ಬ್ಯಾಂಕಿನವರು ಸಾಲ ಕೊಟ್ಟಿದ್ದಾರೆ ನೋಡಿ. ಅದೇ ಬ್ರೋಕರನ ಮಾತು, ಕಣ್ಣೀರಿನ ಜೊತೆ. ಎದುರಿಗಿದ್ದ ಸರ್ವೆಯವರ ಕೈಯಲ್ಲಿ ಒಂದೇ ಕಾಗದ, ಹಳೇ ಗ್ರಾಮ ನಕ್ಷೆ. ಅದರಲ್ಲಿ ಕಾಲುವೆ ಎಲ್ಲಿ ಹರಿಯುತ್ತಿತ್ತೋ ಅಲ್ಲಿ ಈಗ ಅಡುಗೆಮನೆ.

ಒಂದೇ ಸರಕಾರದ ಎರಡು ಕಪಾಟಿನಲ್ಲಿ ಎರಡು ಸತ್ಯ ಇತ್ತು. ಕಂದಾಯ ಇಲಾಖೆಯ ನಕ್ಷೆಯಲ್ಲಿ ಕಾಲುವೆ, ಪಾಲಿಕೆಯ ಕಡತದಲ್ಲಿ ಮನೆ. ನಕ್ಷೆ ಮಂಜೂರು ಮಾಡಿದ ಇಂಜಿನಿಯರು ಆ ಇನ್ನೊಂದು ಕಪಾಟು ತೆಗೆದು ನೋಡಿದ್ದರೆ ಮುಗೀತಿತ್ತು. ನೋಡದೇ ಇದ್ದದ್ದಕ್ಕೆ ಬೆಲೆ ತೆತ್ತವನು ಮಾತ್ರ ಸಾಲದ ಕಂತು ಕಟ್ಟುತ್ತಿದ್ದವನು.

ಇನ್ನೂ ತಮಾಷೆ ಬೇಕಾ? ರಾಜಕಾಲುವೆಯಿಂದ ಎಷ್ಟು ದೂರ ಬಿಡಬೇಕು ಅನ್ನೋ ಲೆಕ್ಕ ನೋಡಿ. 2007ರಲ್ಲಿ ಜಾರಿಗೆ ಬಂದ ಮಾಸ್ಟರ್ ಪ್ಲಾನ್ 2015ರ ಪ್ರಕಾರ ಕೆರೆಯಿಂದ 30 ಮೀಟರ್, ಕಾಲುವೆಯ ದರ್ಜೆ ನೋಡಿಕೊಂಡು ಅದರ ಮಧ್ಯದಿಂದ 50, 25, 15 ಮೀಟರ್. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನ ಕೆರೆಗೆ 75, ಕಾಲುವೆಗಳಿಗೆ ಅಂಚಿನಿಂದ 50, 35, 25 ಮಾಡಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ನ್ಯಾಯಮಂಡಳಿಗೆ ಹಾಗೆ ಬದಲಾಯಿಸೋ ಅಧಿಕಾರ ಇಲ್ಲ ಅಂತ ಅದನ್ನ ತೆಗೆದುಹಾಕಿತು. ಅಂದ್ರೆ ಕೆರೆಯಿಂದ 50 ಮೀಟರ್ ದೂರದ ಸೈಟು 2015ರಲ್ಲಿ ಸರಿ, 2016ರಲ್ಲಿ ತಪ್ಪು, 2019ರಲ್ಲಿ ಮತ್ತೆ ಸರಿ. ಸೈಟು ಮಾತ್ರ ಕದಲಿಲ್ಲ. ಮಧ್ಯದ ಮೂರು ವರ್ಷ ನಕ್ಷೆಗೆ ಅಲೆದವನು ಯಾರ ಹತ್ತಿರ ಹೇಳಿಕೊಳ್ಳಬೇಕು?

ಇಷ್ಟೆಲ್ಲ ಸೈಟಿನ ಮಾತಾಯ್ತು. ಇನ್ನು ಕಟ್ಟಡಕ್ಕೆ ಬರೋಣ. ಇಲ್ಲಿ ಮಾತ್ರ ನಾನು ಪೂರ್ತಿ ಜನರ ಪರ ನಿಲ್ಲಲ್ಲ.

ಸೆಟ್‌ಬ್ಯಾಕ್ ಅನ್ನೋ ಪದ ಕೇಳಿದರೆ ಸಾಕು, ನಮ್ಮವರಿಗೆ ಸರಕಾರ ತಮ್ಮ ಜಾಗ ಕಿತ್ತುಕೊಳ್ತಿದೆ ಅನ್ನಿಸುತ್ತೆ. "ದುಡ್ಡು ಕೊಟ್ಟು ತಗೊಂಡಿರೋ ಜಾಗದಲ್ಲಿ ಮೂರಡಿ ಯಾಕೆ ಬಿಡಬೇಕು? ಅದು ಗಾಳಿಗಾ?" ಹೌದು, ಗಾಳಿಗೇ. ಬೆಳಕಿಗೆ, ಮಳೆ ನೀರು ಇಳಿಯೋಕೆ, ಸ್ಯಾನಿಟರಿ ಪೈಪು ಒಡೆದಾಗ ಪ್ಲಂಬರು ನುಸುಳೋಕೆ, ಬೆಂಕಿ ಬಿದ್ದಾಗ ಏಣಿ ಇಡೋಕೆ. ಮತ್ತೆ ಆ ಮೂರಡಿ ನಿಮ್ಮದೇ, ಅಲ್ಲಿ ಕಟ್ಟಬೇಡಿ ಅಂದಿದ್ದಾರೆ ಅಷ್ಟೇ. ನಮ್ಮ ಬೀದಿಯಲ್ಲಿ ನೆಲ ಅಂತಸ್ತಿನಲ್ಲಿ ಶಿಸ್ತಾಗಿ ಜಾಗ ಬಿಟ್ಟಿದ್ದಾರೆ, ಮೊದಲ ಮಹಡಿಗೆ ಬಂದಾಗ ಮೋಲ್ಡಿಂಗು ಎರಡಡಿ ಹೊರಗೆ ಚಾಚಿದೆ, ಎರಡನೇ ಮಹಡಿಗೆ ಇನ್ನರ್ಧ ಅಡಿ. ಪಕ್ಕದವರೂ ಸುಮ್ಮನಿರ್ತಾರಾ? ಅವರದ್ದೂ ಚಾಚಿದೆ. ಕೆಳಗೆ ನಿಂತು ಮೇಲೆ ನೋಡಿದರೆ ಆಕಾಶ ಒಂದು ಟೇಪಿನಷ್ಟು ಅಗಲ. ಆ ಮನೆ ಅಡುಗೆಮನೆಯಿಂದ ಈ ಮನೆ ಅಡುಗೆಮನೆಗೆ ಸಾರಿನ ಪಾತ್ರೆ ದಾಟಿಸಬಹುದು. ದಾಟಿಸ್ತಾರೆ ಕೂಡ. ನೆರೆಹೊರೆ ಅನ್ಯೋನ್ಯವಾಗಿರೋಕೆ ಒಳ್ಳೇದೇ ಇರಬಹುದು :) ಆದ್ರೆ ಹಗಲು ಹನ್ನೆರಡಕ್ಕೂ ಲೈಟು ಹಾಕಿಕೊಂಡೇ ಇರಬೇಕು.

ಲೆಕ್ಕವನ್ನೂ ನೋಡಿ. 30-40 ಸೈಟು ಅಂದ್ರೆ 1200 ಚದರಡಿ. ಮಾಸ್ಟರ್ ಪ್ಲಾನ್ 2015ರ ವಲಯ ನಿಯಮಗಳಲ್ಲಿ ಸಣ್ಣ ರಸ್ತೆಯ ಸಣ್ಣ ವಸತಿ ಸೈಟಿಗೆ ಎಫ್‌ಎಆರ್ 1.75, ಅಂದ್ರೆ ಎಲ್ಲ ಮಹಡಿ ಸೇರಿ 2100 ಚದರಡಿ. ನೆಲದಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಮುಚ್ಚೋ ಹಾಗಿಲ್ಲ, ಅಂದ್ರೆ ಒಂದು ಮಹಡಿಗೆ ಜಾಸ್ತಿ ಅಂದ್ರೆ 900. ಅಲ್ಲಿಗೆ ಎರಡೂ ಚಿಲ್ಲರೆ ಮಹಡಿ. ಈಗ ನಿಮ್ಮ ಬೀದಿಯ 30-40 ಮನೆಗಳನ್ನ ಎಣಿಸಿ. ನೆಲ, ಮೇಲೆ ಮೂರು, ಅದರ ಮೇಲೆ ಶೀಟು ಹಾಕಿದ ಒಂದು ರೂಮು. ಮೂರೂವರೆ ಸಾವಿರ ಚದರಡಿ ದಾಟಿರುತ್ತೆ. ಯಾಕೆ ಅಂತ ಕೇಳಿದರೆ ಉತ್ತರವೂ ಸಿದ್ಧ. ಬ್ಯಾಂಕ್ ಸಾಲದ ಕಂತು ಸಂಬಳದಲ್ಲಿ ತುಂಬಲ್ಲ, ಎರಡು ಮನೆ ಬಾಡಿಗೆಗೆ ಬಿಟ್ಟರೆ ತುಂಬುತ್ತೆ. ಬೆಂಗಳೂರಿಗೆ ಬಂದ ಅಷ್ಟೊಂದು ಹುಡುಗ ಹುಡುಗಿಯರು ಇರೋದು ಈ ನಿಯಮ ಮೀರಿದ ಮೂರನೇ ಮಹಡಿಗಳಲ್ಲೇ. ಎಲ್ಲರೂ ನಿಯಮ ಪಾಲಿಸಿದ್ದರೆ ಅವರೆಲ್ಲ ಎಲ್ಲಿರಬೇಕಿತ್ತು ಅನ್ನೋದು ನ್ಯಾಯವಾದ ಪ್ರಶ್ನೆ. ಆದ್ರೆ ಅದೇ ಬೀದಿಯಲ್ಲಿ ನಿಯಮಕ್ಕೆ ಕಟ್ಟುಬಿದ್ದು ಎರಡೇ ಮಹಡಿ ಕಟ್ಟಿದ ಒಬ್ಬ ಮೇಷ್ಟರೋ ನರ್ಸೋ ಇರ್ತಾರೆ. ಸುತ್ತ ಮೂರು ಕಡೆ ಗೋಡೆ ಎದ್ದು, ಅವರ ಮನೆಗೆ ಬಿಸಿಲು ಬರೋದು ನಿಂತಿದೆ. ಬಾಡಿಗೆಯೂ ಇಲ್ಲ, ಬಿಸಿಲೂ ಇಲ್ಲ. ಕಾನೂನಿನಲ್ಲಿ ದಾರಿ ಇಲ್ಲ ಅಂತಲ್ಲ, 1882ರ ಅನುಭೋಗದ ಹಕ್ಕಿನ ಕಾಯ್ದೆಯ ಪ್ರಕಾರ 20 ವರ್ಷ ನಿರಾತಂಕವಾಗಿ ಬರ್ತಿದ್ದ ಬೆಳಕಿಗೆ ಹಕ್ಕು ಹುಟ್ಟುತ್ತೆ. ಆದ್ರೆ ಪಕ್ಕದ ಮನೆಯವರ ಮೇಲೆ ಬಿಸಿಲಿಗಾಗಿ ಕೇಸು ಹಾಕಿ, ದಿನಾ ಮುಖ ನೋಡಿಕೊಂಡು ಬದುಕೋದು ಸಾಧ್ಯವಾ ಮಾರಾಯ್ರೆ? ಅದಕ್ಕೇ ಆ ಕೆಲಸ ಪಾಲಿಕೆಯ ಇಂಜಿನಿಯರಿಗೆ ಕೊಟ್ಟಿದ್ದು. ಅವರು ಪಾಯ ಹಾಕುವಾಗ ಬರಲ್ಲ, ಮೋಲ್ಡಿಂಗ್ ಹಾಕುವಾಗ ಬರಲ್ಲ. ಬಂದರೂ ಯಾಕೆ ಬಂದರು, ಏನು ತಗೊಂಡು ಹೋದರು ಅನ್ನೋದನ್ನ ಮೇಸ್ತ್ರಿನ ಕೇಳಿ.

ಕಟ್ಟಡ ನಕ್ಷೆ ಪ್ರಕಾರವೇ ಎದ್ದಿದೆ ಅಂತ ಹೇಳೋ ಒಂದೇ ಒಂದು ಕಾಗದ ಸ್ವಾಧೀನಾನುಭವ ಪತ್ರ, ನಾವು ಓಸಿ ಅನ್ನೋದು. ಈ ಪದವನ್ನ ಅಪಾರ್ಟ್‌ಮೆಂಟಿನವರು ಬಿಟ್ಟರೆ ಬಿಡಿ ಮನೆ ಕಟ್ಟಿದವರು ಕೇಳಿದ್ದೇ ಕಮ್ಮಿ. ಗೃಹಪ್ರವೇಶದ ದಿನ ಹಸು ಬಂತಾ ಅಂತ ನೋಡ್ತೇವೆ, ಓಸಿ ಬಂತಾ ಅಂತ ಯಾರು ನೋಡ್ತಾರೆ! 2024ರ ಡಿಸೆಂಬರಿನಲ್ಲಿ ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಅನ್ವಯಿಸೋ ಸೂಚನೆ ಕೊಟ್ಟಿತು. ಮಂಜೂರಾದ ನಕ್ಷೆಯನ್ನ ಕಟ್ಟುವ ಜಾಗದಲ್ಲಿ ಕಾಣೋ ಹಾಗೆ ಹಾಕಬೇಕು, ಓಸಿ ಇಲ್ಲದೆ ನೀರು ಕರೆಂಟು ಕೊಡಬಾರದು, ಬ್ಯಾಂಕು ಓಸಿ ನೋಡಿಯೇ ಸಾಲ ಕೊಡಬೇಕು ಅಂತ. 2025ರಲ್ಲಿ ಇಲ್ಲಿ ವಿದ್ಯುತ್ ಕಂಪನಿಗಳು ಹೊಸ ಸಂಪರ್ಕ ನಿಲ್ಲಿಸಿದಾಗ ಗೊತ್ತಾಯ್ತು ಎಷ್ಟು ಮನೆಗೆ ಓಸಿ ಇಲ್ಲ ಅಂತ. ಮನೆ ರೆಡಿ, ಕರೆಂಟಿಲ್ಲ, ತಾತ್ಕಾಲಿಕ ಸಂಪರ್ಕದ ದುಬಾರಿ ಬಿಲ್ಲು. ಗಲಾಟೆ ಜೋರಾಗಿ, ಆ ವರ್ಷದ ಅಕ್ಟೋಬರಿನಲ್ಲಿ ಸರಕಾರ 1200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು.

ಜನರಿಗೆ ಅನುಕೂಲ ಆಯ್ತು, ಸಂತೋಷ. ಆದ್ರೆ ಇದರಲ್ಲಿ ಏನು ಬಗೆಹರೀತು? ಅತಿ ಹೆಚ್ಚು ಒತ್ತೊತ್ತಾಗಿ ಕಟ್ಟೋದೇ 30-40ರಲ್ಲಿ. ಯಾರಾದರೂ ಒಂದು ಸಲ ಬಂದು ಟೇಪು ಹಿಡಿದು ನೋಡಬೇಕಾಗಿದ್ದ ಜಾಗದಲ್ಲೇ ನೋಡೋದು ಬೇಡ ಅಂದ ಹಾಗಾಯ್ತು. ಇಂಜಿನಿಯರು ಬರೋದಿಲ್ಲ ಅನ್ನೋದು ಸಮಸ್ಯೆ. ಬರೋದೇ ಬೇಡ ಅನ್ನೋದು ಪರಿಹಾರ.

ಇದೇ ಮನಸ್ಥಿತಿ ನಮ್ಮ ಸಕ್ರಮದ ಚರಿತ್ರೆಯಲ್ಲೆಲ್ಲ ಇದೆ. ಅಕ್ರಮ ಸಕ್ರಮ ಯೋಜನೆಯಲ್ಲಿ ಮನೆಗಳಿಗೆ ಶೇ. 50ರವರೆಗೆ, ವಾಣಿಜ್ಯ ಕಟ್ಟಡಕ್ಕೆ ಶೇ. 25ರವರೆಗೆ ಉಲ್ಲಂಘನೆಯನ್ನ ದಂಡ ಕಟ್ಟಿಸಿಕೊಂಡು ಮನ್ನಿಸ್ತೀವಿ ಅಂದರು. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಒಪ್ಪಿತು, ಒಂದೇ ತಿಂಗಳಲ್ಲಿ, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಆಮೇಲೆ 2025ರ ಕೊನೆಗೆ ಬಿ ಖಾತೆಯನ್ನ ಎ ಖಾತೆ ಮಾಡೋ ಯೋಜನೆ ಬಂತು, ಆಗ ಘೋಷಿಸಿದ ಶುಲ್ಕ ಮಾರ್ಗಸೂಚಿ ದರದ ಶೇ. 5. ಚದರಡಿಗೆ 5000 ರೂಪಾಯಿ ಮಾರ್ಗಸೂಚಿ ದರ ಇರೋ ಕಡೆ 30-40 ಸೈಟಿಗೆ ಅದು 3 ಲಕ್ಷ. ನಾನು ಇದನ್ನ ವಿರೋಧಿಸಲ್ಲ. ಬಿ ಖಾತೆಯಲ್ಲಿ ಸಿಕ್ಕಿಹಾಕಿಕೊಂಡವರು ಸಾಲ ಸಿಗದೆ, ನಕ್ಷೆ ಸಿಗದೆ, ಮಗಳ ಮದುವೆಗೆ ಮಾರೋಕೂ ಆಗದೆ ಒದ್ದಾಡಿದ್ದಾರೆ. ಆದ್ರೆ ಆ 3 ಲಕ್ಷ ಕಟ್ಟಿದ ಮೇಲೆ ಏನು ಸಿಕ್ಕಿತು, ಏನು ಸಿಗಲಿಲ್ಲ ಅನ್ನೋದನ್ನ ಯಾರೂ ಹೇಳ್ತಿಲ್ಲ. ಇಪ್ಪತ್ತಡಿ ರಸ್ತೆ ಮೂವತ್ತಡಿ ಆಗಲ್ಲ. ಇಲ್ಲದ ಪಾರ್ಕು ಬರಲ್ಲ. ಸೈಟು ಎ ಖಾತೆ ಆದ ಮಾತ್ರಕ್ಕೆ ಮೇಲೆ ನಕ್ಷೆ ಮೀರಿ ಎದ್ದ ಮೂರನೇ ಮಹಡಿ ಸಕ್ರಮ ಆಗಲ್ಲ. ಮೂಲ ಮಾಲಿಕತ್ವದಲ್ಲಿ ತೊಡಕಿದ್ದರೆ ಅದೂ ಹಾಗೇ ಉಳಿಯುತ್ತೆ. ಇನ್ನು ಹತ್ತು ವರ್ಷಕ್ಕೆ ಬ್ರೋಕರು "ಎ ಖಾತೆ ಸಾರ್, ಇನ್ನೇನು ಬೇಕು" ಅಂತಾನೆ, ಕೊಳ್ಳೋನು ಮತ್ತೆ ಹೌದಲ್ವಾ ಅಂತಾನೆ.

ಅದಕ್ಕೇ ನನ್ನ ಬೇಡಿಕೆ ತುಂಬಾ ಚಿಕ್ಕದು. 2024ರ ಅಕ್ಟೋಬರಿನಿಂದ ಬೆಂಗಳೂರಲ್ಲಿ ಇ-ಖಾತೆ ಇಲ್ಲದೆ ಆಸ್ತಿ ನೋಂದಣಿ ಮಾಡೋ ಹಾಗಿಲ್ಲ. ಒಳ್ಳೇದೇ ಆಯ್ತು, ಒಂದೇ ಸೈಟನ್ನ ಮೂವರಿಗೆ ಮಾರೋದು ಸ್ವಲ್ಪ ಕಷ್ಟ ಆಗಿದೆ. ಅದರಲ್ಲಿ ಮಾಲಿಕರ ಫೋಟೋ ಇದೆ, ಕಟ್ಟಡದ ಫೋಟೋ ಇದೆ, ಅಳತೆ ಇದೆ, ಕ್ಯೂಆರ್ ಕೋಡ್ ಇದೆ. ಅದೇ ಹಾಳೆಯ ಮೇಲ್ಗಡೆ, ದಪ್ಪ ಅಕ್ಷರದಲ್ಲಿ, ಮನೆಯಲ್ಲಿ ಮಾತಾಡೋ ಕನ್ನಡದಲ್ಲಿ ನಾಲ್ಕು ಸಾಲು ಹಾಕಿ. ಈ ಜಮೀನು ವ್ಯವಸಾಯೇತರ ಬಳಕೆಗೆ ಪರಿವರ್ತನೆ ಆಗಿದೆಯೋ ಇಲ್ಲವೋ. ಈ ಬಡಾವಣೆಗೆ ಅನುಮೋದನೆ ಇದೆಯೋ ಇಲ್ಲವೋ, ಇದ್ದರೆ ಯಾವ ವರ್ಷ. ಎಷ್ಟು ಮಹಡಿಗೆ ನಕ್ಷೆ ಮಂಜೂರಾಗಿದೆ, ಓಸಿ ಇದೆಯೋ ಇಲ್ಲವೋ. ಗ್ರಾಮ ನಕ್ಷೆಯ ಪ್ರಕಾರ ಈ ಸರ್ವೆ ನಂಬರಿನಲ್ಲಿ ಕೆರೆ, ಕಾಲುವೆ, ಸ್ವಾಧೀನದ ಅಧಿಸೂಚನೆ ಇದೆಯೋ ಇಲ್ಲವೋ. ಯಾವುದಕ್ಕಾದರೂ "ಗೊತ್ತಿಲ್ಲ" ಅಂತಿದ್ದರೆ "ಗೊತ್ತಿಲ್ಲ" ಅಂತಲೇ ಅಚ್ಚು ಹಾಕಲಿ, ಪರವಾಗಿಲ್ಲ. ಸಿಗರೇಟು ಪ್ಯಾಕಿನ ಮೇಲೆ ಕ್ಯಾನ್ಸರ್ ಚಿತ್ರ ಹಾಕೋ ಸರಕಾರಕ್ಕೆ ಇದು ಆಗದ ಕೆಲಸ ಏನಲ್ಲ.

ವಕೀಲಿಕೆ ಮಾಡೋ ಗೆಳೆಯನ ಹತ್ತಿರ ಇದನ್ನ ಹೇಳಿದೆ. ಅವನು ನಕ್ಕ. "ಆ ನಾಲ್ಕು ಸಾಲು ಹಾಕಿದ ದಿನ ಊರಿನ ಅರ್ಧ ಸೈಟಿನ ರೇಟು ಬಿದ್ದುಹೋಗುತ್ತೆ. ಕೊಂಡವನು, ಮಾರಿದವನು, ಬ್ಯಾಂಕು, ಎಂಎಲ್‌ಎ ಎಲ್ಲ ಸೇರಿ ತೆಗೆಸ್ತಾರೆ." ಇರಬಹುದು. ಆದ್ರೆ ಈಗ ಆ ರೇಟು ನಿಂತಿರೋದು ಯಾತರ ಮೇಲೆ ಅಂತ ನಾನು ಕೇಳಿದೆ. ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ, ಕಾಫಿ ಹೇಳಿದ.

ಆ ಹಾಳೆ ಬರೋವರೆಗೆ ಕೊಳ್ಳೋರು ತಾವೇ ಓಡಾಡಬೇಕು, ಬೇರೆ ದಾರಿ ಇಲ್ಲ. ಫೋನಿನಲ್ಲಿ ದಿಶಾಂಕ್ ಅನ್ನೋ ಆ್ಯಪ್ ಇದೆ, ಸರಕಾರದ್ದೇ. ಸೈಟಿನಲ್ಲಿ ನಿಂತು ತೆಗೆದರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತೆ. ಬ್ರೋಕರು ಹೇಳಿದ ನಂಬರೂ ಅದೂ ಒಂದೇನಾ ನೋಡಿ, ಎಷ್ಟೋ ಸಲ ಅಲ್ಲೇ ಕತೆ ಬಯಲಾಗುತ್ತೆ. ಗ್ರಾಮ ನಕ್ಷೆ ಕಂದಾಯ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತೆ, ಇಳಿಸಿಕೊಂಡು ಕಾಲುವೆಯ ಗೆರೆ ಎಲ್ಲಿ ಹಾದುಹೋಗಿದೆ ನೋಡಿ. ಮೂಲ ಪತ್ರ, ಪಹಣಿ, ಪರಿವರ್ತನೆಯ ಆದೇಶದ ಪ್ರತಿ ಕೇಳಿ. "ಅದೆಲ್ಲ ಇದೆ ಸಾರ್, ಅಡ್ವಾನ್ಸ್ ಕೊಡಿ ತೋರಿಸ್ತೀವಿ" ಅಂದರೆ ಅಡ್ವಾನ್ಸ್ ಕೊಡಬೇಡಿ. ಜಿಪಿಎ ಮೇಲೆ ಮಾರ್ತೀವಿ ಅಂದರಂತೂ ಎದ್ದು ಬನ್ನಿ, ಜಿಪಿಎಯಿಂದ ಮಾಲಿಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿಯಾಗಿದೆ.

ಮಾವ ಆ ಮಾಗಡಿ ರಸ್ತೆ ಸೈಟು ತಗೊಂಡಿಲ್ಲ. ದುಡ್ಡು ಬ್ಯಾಂಕಿನಲ್ಲಿದೆ. ಅಲ್ಲಿ ರೇಟು ಆಗಲೇ ಚದರಡಿಗೆ ನಾಲ್ಕು ನೂರು ಏರಿದೆ ಅಂತ ಹಬ್ಬಕ್ಕೆ ಸಿಕ್ಕಾಗಲೆಲ್ಲ ನನಗೆ ನೆನಪಿಸ್ತಾರೆ.